ಜಾಹೀರಾತು ಕತ್ತರಿಸಿದವನು

ಬೀದಿಯ ಜನ ಅವನನ್ನು ಟೀವಿ ಡಾಕ್ಟರು ಎಂದು ಕರೆಯುತ್ತಿದ್ದರು. ಹಾಗೆ ಕರೆದರೆ ಅವನಿಗೆ ಒಳಗೊಳಗೇ ಖುಷಿ, ಮೇಲೆ ಮಾತ್ರ "ಅಯ್ಯೋ, ಬಿಡಿ" ಎನ್ನುತ್ತಿದ್ದ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಅಂಗಡಿಯಲ್ಲಿ ಹೊಟ್ಟೆ ಬಿಚ್ಚಿಕೊಂಡ ಟೀವಿಗಳು ಗೋಡೆಗೆ ಒರಗಿ ತಮ್ಮ ಸರದಿಗೆ ಕಾಯುತ್ತಿದ್ದವು. ಬೆಸುಗೆಯ ಹೊಗೆ ಪರದೆ ದಾಟಿ ಅಡುಗೆಮನೆಯವರೆಗೂ ಹೋಗಿ ಹೆಂಡತಿಯ ಕೈಲಿ ಬೈಸಿಕೊಂಡು ಬರುತ್ತಿತ್ತು. ವಯಸ್ಸು ಐವತ್ತಾರು, ನೆತ್ತಿ ಪೂರಾ ಬೋಳು, ಕನ್ನಡಕ ಸದಾ ಮೂಗಿನ ತುದಿಯಲ್ಲಿ. ಇಂಥವನನ್ನು "ಮರಿ" ಎಂದು ಕರೆಯುವ ಧೈರ್ಯ ಇದ್ದದ್ದು ಜಗತ್ತಿನಲ್ಲಿ ಒಬ್ಬಳಿಗೇ, ಅವನ ಅಕ್ಕನಿಗೆ.

ತಾಯಿ ತೀರಿಕೊಂಡಾಗ ಅವನಿಗೆ ಒಂಬತ್ತು, ಅಕ್ಕನಿಗೆ ಇಪ್ಪತ್ತೊಂದು. ಅವಳು ಆಗಷ್ಟೇ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಸೇರಿದ್ದಳು. ತಲೆಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಒಂದು ತೂತಿನಿಂದ ಇನ್ನೊಂದು ತೂತಿಗೆ ವೈರು ಚುಚ್ಚುತ್ತ, "ಯಾವ ನಂಬರು ಬೇಕು? ಲೈನಿನಲ್ಲಿರಿ, ಮಾತಾಡಿ" ಎಂದು ದಿನವಿಡೀ ಹೇಳುವ ಕೆಲಸ. ಮಾತೇ ಅವಳ ಅನ್ನ. ಆ ಅನ್ನದಲ್ಲೇ ತಮ್ಮನನ್ನು ಓದಿಸಿದಳು, ಅವನು ಓದುವುದಿಲ್ಲ ಎಂದು ಖಾತ್ರಿಯಾದ ಮೇಲೆ ರಿಪೇರಿ ಕೆಲಸ ಕಲಿಯಲು ಬಿಟ್ಟಳು. ತನ್ನ ಮದುವೆಯ ಮಾತು ಬಂದಾಗಲೆಲ್ಲ "ಲೈನ್ ಬಿಝಿ ಇದೆ" ಎಂದು ನಕ್ಕು ತಳ್ಳಿಹಾಕುತ್ತ, ಕೊನೆಗೆ ಆ ಮಾತೇ ಬರದಂತೆ ನೋಡಿಕೊಂಡಳು.

ಅವನು ಹತ್ತೊಂಬತ್ತರಲ್ಲಿ ಮೂರು ಸತ್ತ ಟೀವಿಗಳ ಭಾಗ ಸೇರಿಸಿ ಒಂದು ಬದುಕಿದ ಟೀವಿ ಮಾಡಿದ. ಚಿತ್ರ ಸ್ವಲ್ಪ ಎಡಕ್ಕೆ ವಾಲುತ್ತಿತ್ತು, ಅಕ್ಕ ಕತ್ತು ಓರೆ ಮಾಡಿಕೊಂಡೇ ನೋಡುತ್ತಿದ್ದಳು. ಕೆಲಸ ಮುಗಿಸಿ ಬರುವಾಗ ಅವಳ ಕಿವಿ ಗುಂಯ್‌ಗುಡುತ್ತಿರುತ್ತಿತ್ತು. ತನ್ನನ್ನು ಯಾರೂ ನಂಬರು ಕೇಳದ ಒಂದು ಅರ್ಧಗಂಟೆ ಅವಳಿಗೆ ಬೇಕಿತ್ತು. ಹಾಗಾಗಿ ಆ ಮನೆಯಲ್ಲಿ ಒಂದು ಕಾನೂನು ಜಾರಿಗೆ ಬಂತು: ಸಂಜೆ ಏಳರ ಧಾರಾವಾಹಿ ನಡೆಯುವಾಗ ಯಾರೂ ತುಟಿ ಪಿಟಕ್ಕೆನ್ನಬಾರದು. ಮಾತೇನಿದ್ದರೂ ಜಾಹೀರಾತು ಬಂದಾಗ.

ಜಾಹೀರಾತು ಬಂತೋ, ಅಕ್ಕ ಇತ್ತ ತಿರುಗುತ್ತಿದ್ದಳು. ದೂರದೂರಿನ ಕರೆಗೆ ಆಗ ಮೂರೇ ನಿಮಿಷ ಕೊಡುತ್ತಿದ್ದರು, ಜಾಹೀರಾತೂ ಹೆಚ್ಚುಕಡಿಮೆ ಅಷ್ಟೇ. ಮೂರು ನಿಮಿಷದಲ್ಲಿ ಏನೇನು ಹೇಳಿ ಮುಗಿಸಬಹುದು ಎಂಬುದು ಅವಳಿಗೆ ಅಂಗೈ ಗೆರೆಯಷ್ಟು ಗೊತ್ತು. ಅವನು ರಿಪೇರಿ ಕೋರ್ಸಿನ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದದ್ದರ ವಿಚಾರಣೆ ನಡೆದದ್ದು ಜಾಹೀರಾತಿನಲ್ಲಿ. ಅಂಗಡಿ ಹಾಕುವ ತೀರ್ಮಾನವಾದದ್ದು ಜಾಹೀರಾತಿನಲ್ಲಿ. ಅವನ ಮದುವೆಯೂ ಅಲ್ಲೇ ನಿಶ್ಚಯವಾಯಿತು.

"ಹುಡುಗೀನ ನಾನು ನೋಡ್ಕೊಂಡು ಬಂದೆ. ನಗು ಚೆನ್ನಾಗಿದೆ. ನಿನ್ನ ಮುಖಕ್ಕೆ ಇದಕ್ಕಿಂತ ಒಳ್ಳೇದು ಸಿಗಲ್ಲ. ಭಾನುವಾರ ಹೋಗಿ ಮಾತಾಡಿಸ್ಕೊಂಡು ಬಾ."

"ಅಕ್ಕಾ, ನಾನು ಇನ್ನೂ..."

"ಬಾಯಿ ಮುಚ್ಚು, ಶುರುವಾಯ್ತು."

ಅವನು ಬಾಯಿ ಮುಚ್ಚಿದ, ಮದುವೆಯಾಯಿತು. ಹೊಸದರಲ್ಲಿ ಹೆಂಡತಿ ಗೊತ್ತಿಲ್ಲದೆ ಕಥೆಯ ನಡುವೆ "ಚಹಾ ತರಲಾ?" ಎಂದು ಕೇಳಿ, ಮೂರು ದಿಕ್ಕಿನಿಂದ ದುರುಗುಟ್ಟಿಸಿಕೊಂಡಿದ್ದಳು, ಮೂರನೆಯದು ಟೀವಿಯೊಳಗಿನ ಅತ್ತೆಯದು. ವರ್ಷ ಕಳೆಯುವಷ್ಟರಲ್ಲಿ ಆ ಕಾನೂನಿಗೆ ಅವಳೇ ಪೊಲೀಸಾದಳು. ಆ ಮೊದಲ ಟೀವಿ ಬಂದಾಗಿನಿಂದ ಮೂವತ್ತೇಳು ವರ್ಷ ಹೀಗೇ ನಡೆಯಿತು. ಆ ಮನೆಯಲ್ಲಿ ಜಾಹೀರಾತಿಗೆ ಮಾತಾಡುವುದು ಉಸಿರಾಡಿದಷ್ಟೇ ಸಹಜವಾಗಿ ಹೋಗಿತ್ತು, ಅದನ್ನು ಯಾರೂ ಗಮನಿಸುತ್ತಿರಲಿಲ್ಲ.

ಅರವತ್ತೆಂಟನೇ ವಯಸ್ಸಿನಲ್ಲಿ, ಒಂದು ಬೆಳಿಗ್ಗೆ ಬಟ್ಟೆ ಹಿಂಡುತ್ತಿದ್ದಾಗ, ಅಕ್ಕನಿಗೆ ಪಾರ್ಶ್ವವಾಯು ಹೊಡೆಯಿತು. ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ಬಲಗಾಲು ಅಷ್ಟಿಷ್ಟು ಸರಿಹೋಗಿತ್ತು. ಮಾತು ಮಾತ್ರ ಹೋಗಿತ್ತು. ಅರ್ಥವೆಲ್ಲ ಆಗುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಇಡೀ ಊರಿಗೆ ಮಾತು ಜೋಡಿಸಿಕೊಟ್ಟವಳು ಒಂದು ಲೋಟ ನೀರು ಕೇಳಲಾಗದೆ ಕೂತಿದ್ದನ್ನು ನೋಡಿ ಅವನು ಅಂಗಡಿಯ ಪರದೆಯ ಹಿಂದೆ ನಿಂತು ಅತ್ತ.

ವಾರಕ್ಕೆರಡು ಸಲ ಮಾತು ಕಲಿಸುವ ಡಾಕ್ಟರಮ್ಮ ಮನೆಗೆ ಬರುತ್ತಿದ್ದಳು. ಅವಳು ಖಂಡಿತವಾಗಿ ಹೇಳಿದ್ದಳು: "ಮೊದಲ ಕೆಲವು ತಿಂಗಳು ತುಂಬಾ ಮುಖ್ಯ. ಈಗ ಒಂದೊಂದೇ ಮಾತು ಬರ್ತಾ ಹೋದ್ರೆ ದಾರಿ ತೆರ್ಕೊಳ್ಳುತ್ತೆ. ನಿಂತುಹೋದ್ರೆ ಕಷ್ಟ." ಹೆಂಡತಿಯ ಕೈಗೆ ಒಂದು ನೋಟ್‌ಬುಕ್ಕು ಕೊಟ್ಟು, ಯಾವ ಮಾತು ಬಂತು, ಎಷ್ಟು ಹೊತ್ತಿಗೆ ಬಂತು ಎಂದು ತಪ್ಪದೆ ಬರೆದಿಡಲು ಹೇಳಿದಳು. ಹಗಲೆಲ್ಲ ಲೋಟ ತೋರಿಸಿ "ಇದೇನಕ್ಕಾ?" ಬಾಚಣಿಗೆ ತೋರಿಸಿ "ಇದೇನಕ್ಕಾ?" ಎಂದರೆ ಅಕ್ಕ ಮುಖ ತಿರುಗಿಸಿಬಿಡುತ್ತಿದ್ದಳು. ಮಗ್ಗಿ ಒಪ್ಪಿಸುವ ವಯಸ್ಸೇ ಅದು? ಸಂಜೆ ಮಾತ್ರ ಅದೃಷ್ಟ ಕುದುರುತ್ತಿತ್ತು. ಟೀವಿ ಮುಂದೆ ಕೂತಾಗ ಒಂದೋ ಎರಡೋ ಮಾತು ತಾನಾಗಿ ಬರುತ್ತಿತ್ತು. "ನೀರು." "ಸೊಳ್ಳೆ." ಒಂದು ದಿನ ನಾಯಕಿಯ ಗಂಡನ ಬಗ್ಗೆ "ಕತ್ತೆ" ಎಂದಳು, ಆ ದಿನ ಮನೆಯಲ್ಲಿ ಹಬ್ಬ.

ಆದರೆ ಟೀವಿಯಿಂದಲೇ ಒಂದು ತೊಂದರೆಯಿತ್ತು. ಕಾಯಿಲೆಯ ನಂತರ ಅಕ್ಕನಿಗೆ ಹಠಾತ್ ಸದ್ದು ತಡೆಯಲು ಆಗುತ್ತಿರಲಿಲ್ಲ. ಕಥೆ ಪಿಸುಗುಡುತ್ತಿದ್ದದ್ದು ಥಟ್ಟನೆ ನಿಂತು ಸೋಪಿನ ಜಾಹೀರಾತು ಕಿರುಚಿದರೆ ಅವಳ ಮೈಯೆಲ್ಲ ಬೆಚ್ಚಿ, ಕೈಲಿದ್ದದ್ದು ಚೆಲ್ಲಿ, ಕಣ್ಣಲ್ಲಿ ನೀರು ಬಂದುಬಿಡುತ್ತಿತ್ತು. ಅವನು ರಿಮೋಟು ಹಿಡಿದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದ. ಸದ್ದು ಅಡಗಿಸುತ್ತಿದ್ದ ನಿಜ, ಆದರೆ ಆ ಮೊದಲ ಕಿರುಚಾಟ ಅವನ ಹೆಬ್ಬೆರಳಿಗಿಂತ ಯಾವಾಗಲೂ ಒಂದು ಹೆಜ್ಜೆ ಮುಂದೆ.

"ಈ ದರಿದ್ರ ಜಾಹೀರಾತುಗಳನ್ನ ಬುಡಸಮೇತ ಕಿತ್ತುಹಾಕ್ತೀನಿ ನೋಡು," ಎಂದು ಹೆಂಡತಿಯ ಮುಂದೆ ಶಪಥ ಮಾಡಿದ.

ಯಾರೋ ರಿಪೇರಿಗೆ ಕೊಟ್ಟು ಮರೆತೇಬಿಟ್ಟಿದ್ದ ಕಂಪ್ಯೂಟರನ್ನು ಎಬ್ಬಿಸಿ, ಧಾರಾವಾಹಿಯನ್ನು ಅದರಲ್ಲಿ ರೆಕಾರ್ಡ್ ಆಗುವಂತೆ ಮಾಡಿದ. ರೆಕಾರ್ಡ್ ಆದದ್ದರಲ್ಲಿ ಜಾಹೀರಾತು ಎಲ್ಲೆಲ್ಲಿದೆ ಎಂದು ಹುಡುಕುವ ಸಾಫ್ಟ್‌ವೇರನ್ನು ಯಾವನೋ ಪುಣ್ಯಾತ್ಮ ಬರೆದು ಎಲ್ಲರಿಗೂ ಪುಕ್ಕಟೆ ಬಿಟ್ಟಿದ್ದ. ಅದರ ಯುಕ್ತಿ ತಿಳಿದಾಗ ಟೀವಿ ಡಾಕ್ಟರು ಒಬ್ಬನೇ ಕೂತು ತಲೆದೂಗಿದ. ಕಥೆ ನಡೆಯುವಾಗ ಪರದೆಯ ಮೂಲೆಯಲ್ಲಿ ಚಾನೆಲ್ಲಿನ ಗುರುತು ಇರುತ್ತದೆ, ಜಾಹೀರಾತಿನಲ್ಲಿ ಮಾಯವಾಗುತ್ತದೆ. ಒಂದು ಜಾಹೀರಾತಿಗೂ ಇನ್ನೊಂದಕ್ಕೂ ನಡುವೆ ಪರದೆ ರೆಪ್ಪೆ ಬಡಿದಷ್ಟು ಹೊತ್ತು ಕಪ್ಪಾಗುತ್ತದೆ, ಸದ್ದು ಒಂದು ಗುಟುಕು ನಿಲ್ಲುತ್ತದೆ. ಇವನ್ನೆಲ್ಲ ಕೂಡಿಸಿ ನೋಡಿ ಅದು ಇಷ್ಟರಿಂದ ಇಷ್ಟರವರೆಗೆ ಜಾಹೀರಾತು ಎಂದು ಗಡಿಯಾರದ ಲೆಕ್ಕದಲ್ಲಿ ಪಟ್ಟಿ ಬರೆದಿಡುತ್ತಿತ್ತು.

ಮೂರು ವಾರ ಪರೀಕ್ಷೆ ನಡೆಯಿತು. ಮನೆಯವರು ಎಂದಿನಂತೆ ಏಳಕ್ಕೆ ಟೀವಿ ನೋಡುತ್ತಿದ್ದರು, ಅಂಗಡಿಯಲ್ಲಿ ಕಂಪ್ಯೂಟರು ತನ್ನ ಪಾಡಿಗೆ ಅದನ್ನೇ ರೆಕಾರ್ಡ್ ಮಾಡಿ ಪಟ್ಟಿ ಬರೆಯುತ್ತಿತ್ತು. ಅವನು ಆಮೇಲೆ ಕೂತು ತಪ್ಪು ತಿದ್ದುತ್ತಿದ್ದ. ತಪ್ಪೇನು ಸಣ್ಣದೇ? ಆಸ್ಪತ್ರೆಯ ಬಿಳಿ ಗೋಡೆಯ ಮೇಲೆ ಚಾನೆಲ್ಲಿನ ಬಿಳಿ ಗುರುತು ಕಾಣದೆ, ಧಾರಾವಾಹಿಯ ಅತ್ತೆ ಪ್ರಾಣ ಬಿಟ್ಟದ್ದನ್ನೇ ಅದು ಜಾಹೀರಾತು ಎಂದುಕೊಂಡು ಕತ್ತರಿಸಿ ಬಿಸಾಡಿತ್ತು. "ಬದುಕಿದ್ದಾಗಲೂ ಅವಳಿಗೆ ಮರ್ಯಾದೆ ಇರ್ಲಿಲ್ಲ, ಪಾಪ," ಎಂದಳು ಹೆಂಡತಿ. ಅದನ್ನೂ ಸರಿಪಡಿಸಿದ.

ಕೊನೆಗೆ ಒಂದು ಸಂಜೆ ಏಳರ ಬದಲು ಎಂಟಕ್ಕೆ ಅಕ್ಕನನ್ನು ಕೂರಿಸಿ, ಕತ್ತರಿಸಿದ ಧಾರಾವಾಹಿ ಹಾಕಿದ. ಇಪ್ಪತ್ತು ನಿಮಿಷ, ಒಂದು ಕಿರುಚಾಟವಿಲ್ಲ, ಹಾಲು ಸುರಿದಂತೆ ಕಥೆ ಹರಿಯಿತು. ಅಕ್ಕ ಒಮ್ಮೆಯೂ ಬೆಚ್ಚಲಿಲ್ಲ. ಅವನು ರಿಮೋಟನ್ನು ಮೇಜಿನ ಮೇಲಿಟ್ಟು ಕೈ ಕಟ್ಟಿ ಕೂತು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ.

ಮೊದಲ ವಾರ ಯಾರಿಗೂ ಗೊತ್ತಾಗಲಿಲ್ಲ. ಎರಡನೇ ವಾರ ಹೆಂಡತಿ, "ರೀ, ನೋಟ್‌ಬುಕ್ಕಿಗೆ ಬರೆಯೋಕೆ ಏನೂ ಇಲ್ಲ," ಎಂದಳು. ಹೊಸ ಮಾತ್ರೆಯ ಮಂಪರಿರಬೇಕು ಎಂದ ಅವನು. ಮಾತ್ರೆ ಬದಲಾಯಿತು, ಪುಟ ಖಾಲಿಯೇ ಉಳಿಯಿತು. ಮೂರನೇ ವಾರ ಡಾಕ್ಟರಮ್ಮ ನೋಟ್‌ಬುಕ್ಕು ತಿರುವಿ ಹಾಕಿದಳು.

"ಮನೆಯಲ್ಲಿ ಏನಾದ್ರೂ ಬದಲಾವಣೆ ಆಯ್ತಾ?"

"ಏನೂ ಇಲ್ಲ ಮೇಡಂ. ಮೊದಲಿಗಿಂತ ನೆಮ್ಮದಿಯಾಗಿದ್ದಾರೆ," ಎಂದ ಅವನು.

"ನೆಮ್ಮದಿಯಾಗಿರೋದು ಬೇರೆ, ಮಾತಾಡೋದು ಬೇರೆ," ಎಂದು ಅವಳು ಚಪ್ಪಲಿ ಮೆಟ್ಟಿಕೊಂಡಳು.

ಮರುದಿನ ಮಧ್ಯಾಹ್ನ, ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು, ಅವನು ಆ ನೋಟ್‌ಬುಕ್ಕನ್ನು ಮೊದಲಿನಿಂದ ಓದಿದ. ಅಕ್ಕನ ಮಾತುಗಳನ್ನು ಮತ್ತೆ ಕೇಳುವ ಆಸೆ, ಅಷ್ಟೇ. ಹೆಂಡತಿಯ ದುಂಡು ಅಕ್ಷರ: ನೀರು, ಏಳು ಹನ್ನೊಂದು. ಸೊಳ್ಳೆ, ಏಳು ಹನ್ನೆರಡು. ಕತ್ತೆ, ಏಳು ಇಪ್ಪತ್ತನಾಲ್ಕು. ಬಾಗಿಲು, ಏಳು ಇಪ್ಪತ್ತಾರು. ಈ ಹೊತ್ತುಗಳನ್ನು ಬೇರೆಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ಎದ್ದು ಕಂಪ್ಯೂಟರಿನಲ್ಲಿ ಪರೀಕ್ಷೆ ನಡೆಸಿದ ಮೂರು ವಾರಗಳ ಪಟ್ಟಿ ತೆರೆದ. ಏಳು ಹತ್ತರಿಂದ ಏಳು ಹದಿನಾಲ್ಕು. ಏಳು ಇಪ್ಪತ್ತಮೂರರಿಂದ ಏಳು ಇಪ್ಪತ್ತೇಳು.

ಬೆರಳಿಟ್ಟು ಒಂದೊಂದಾಗಿ ಹೊಂದಿಸಿದ. ಮೂರು ವಾರದ ಅಷ್ಟೂ ಮಾತುಗಳು ಆ ಪಟ್ಟಿಯ ಒಳಗೇ ಬಿದ್ದಿದ್ದವು. ಒಂದೂ ಆಚೆ ಇರಲಿಲ್ಲ.

ಅಕ್ಕನಿಗೆ ಮಾತು ಮರೆತಿರಬಹುದು, ಮಾತಾಡುವ ಹೊತ್ತು ಯಾವುದೆಂಬುದು ಮರೆತಿರಲಿಲ್ಲ. ಅವಳು ದಿನವೂ ಅಲ್ಲಿ ಕೂತು ತನ್ನ ಮೂರು ನಿಮಿಷಕ್ಕೆ ಕಾಯುತ್ತಿದ್ದಳು. ಆ ಮೂರು ನಿಮಿಷವನ್ನು ಹುಡುಕಿ ಹುಡುಕಿ, ಒಂದು ಸೆಕೆಂಡೂ ಉಳಿಯದಂತೆ ಕತ್ತರಿಸಿದವನು ತಾನು. ಟೀವಿ ಡಾಕ್ಟರಂತೆ, ಡಾಕ್ಟರು! ಅವನು ನೋಟ್‌ಬುಕ್ಕನ್ನು ಎದೆಗೊತ್ತಿಕೊಂಡು ಬಹಳ ಹೊತ್ತು ಕೂತಿದ್ದ. ಹೆಂಡತಿ ಬಂದು ನೋಡಿ, ಎರಡೂ ಪಟ್ಟಿ ಓದಿ, ಬೈಯಲಿಲ್ಲ. "ಕಿತ್ತವರೇ ಮತ್ತೆ ನೆಡಿ," ಎಂದಷ್ಟೇ ಹೇಳಿದಳು.

ಜಾಹೀರಾತು ವಾಪಸು ಬಂದರೆ ಕಿರುಚಾಟವೂ ಬರುತ್ತದೆ. ಆದ್ದರಿಂದ ಜಾಹೀರಾತು ಇದ್ದ ಕಡೆ ಅದು ಹಿಡಿಯುತ್ತಿದ್ದಷ್ಟೇ ಹೊತ್ತು ಏನೂ ಇಲ್ಲದ ಕಪ್ಪು ಪರದೆಯನ್ನು ಸೇರಿಸಿದ. ಸದ್ದಿಲ್ಲ, ಚಿತ್ರವಿಲ್ಲ, ನಾಲ್ಕು ನಿಮಿಷ. ಆ ಸಂಜೆ ಕಥೆ ನಿಂತು ಪರದೆ ಕಪ್ಪಾದಾಗ, ಅದರಲ್ಲಿ ಸಾಲಾಗಿ ಕೂತ ಮೂವರೂ ಮಸುಕಾಗಿ ಕಂಡರು. ಅಕ್ಕ ಪರದೆ ನೋಡಿದಳು, ತಮ್ಮನನ್ನು ನೋಡಿದಳು, ಏನೂ ಹೇಳಲಿಲ್ಲ. ಎರಡನೇ ಸಲವೂ ಇಲ್ಲ. ಮಾರನೇ ದಿನವೂ ಇಲ್ಲ. ಅವನು ಕೈ ಕೈ ಹಿಸುಕಿಕೊಂಡ. ಮೂರು ವಾರ ವ್ಯರ್ಥವಾಗಿತ್ತು, ದಾರಿ ಮುಚ್ಚಿಯೇ ಹೋಗಿದ್ದರೆ?

ಮೂರನೇ ಸಂಜೆ ಮೊದಲ ಕಪ್ಪಿನಲ್ಲಿ "ನೀರು" ಬಂತು. ಹೆಂಡತಿ ನೀರಿಗೆ ಓಡುವುದೋ ಪೆನ್ಸಿಲ್ಲಿಗೆ ಓಡುವುದೋ ತಿಳಿಯದೆ ಎರಡಕ್ಕೂ ಓಡಿದಳು. ಆಮೇಲೆ ದಿನಕ್ಕೊಂದು, ದಿನಕ್ಕೆರಡು. ಒಂದೊಂದೇ ಮಾತು, ಎರಡು ಮಾತು ಕೂಡಿ ಬಂದದ್ದಿಲ್ಲ. ಆದರೂ ನೋಟ್‌ಬುಕ್ಕಿನ ಪುಟ ತುಂಬತೊಡಗಿತು.

ಹತ್ತನೇ ದಿನವೋ ಹನ್ನೊಂದನೇ ದಿನವೋ, ಪರದೆ ಕಪ್ಪಾದಾಗ ತಮ್ಮನಿಗೇ ತಡೆಯಲಾಗಲಿಲ್ಲ. ಕುರ್ಚಿ ಎಳೆದುಕೊಂಡು ಅಕ್ಕನ ಮುಂದೆ ಕೂತು, ಅವಳ ಬಲಗೈಯನ್ನು ತನ್ನೆರಡು ಕೈಯಲ್ಲಿ ಹಿಡಿದ.

"ಅಕ್ಕಾ, ನಾನೊಂದು ತಪ್ಪು ಮಾಡ್ಬಿಟ್ಟೆ. ನಿಂಗೆ ಒಳ್ಳೇದಾಗ್ಲಿ ಅಂತಾನೇ ಮಾಡಿದ್ದು. ನೀನು ಮಾತಾಡೋ ಹೊತ್ತನ್ನೇ ಕತ್ತರಿಸಿ ಬಿಸಾಕಿದೆ. ನೀನು ಕಾಯ್ತಾ ಕೂತಿದ್ದೆ, ನನಗೆ ಗೊತ್ತಾಗ್ಲಿಲ್ಲ. ನೀನು ನನಗೋಸ್ಕರ ಇಷ್ಟೆಲ್ಲ..."

ಅವನು ಬಿಡದೆ ಹೇಳುತ್ತಲೇ ಹೋದ. ಒಂಬತ್ತನೇ ವಯಸ್ಸಿನಿಂದ ಹೇಳದೆ ಉಳಿದದ್ದು ಒಂದೇ ಉಸಿರಿಗೆ ಹೊರಡುತ್ತಿತ್ತು. ಅವನ ಬೆನ್ನ ಹಿಂದೆ ಪರದೆ ಬೆಳಗಿತು, ನಾಯಕಿಯ ದನಿ ಕೇಳಿತು. ಅವನಿಗೆ ಅದರ ಪರಿವೆಯೇ ಇರಲಿಲ್ಲ. ಅಕ್ಕ ಕತ್ತು ಓರೆ ಮಾಡಿ ಅವನ ಬೋಳು ನೆತ್ತಿಯ ಪಕ್ಕದಿಂದ ಆಚೆ ನೋಡಲು ಯತ್ನಿಸಿದಳು. ಆಗಲಿಲ್ಲ. ಅವಳ ತುಟಿ ನಡುಗಿತು, ದವಡೆ ಒಂದೆರಡು ಸಲ ಆಡಿತು.

"ಮರೀ," ಎಂದಳು. "ಬಾಯಿ... ಮುಚ್ಚು. ಶುರುವಾಯ್ತು."

ಅವನ ಮಾತು ಅಲ್ಲೇ ನಿಂತಿತು. ಹೆಂಡತಿ ಸೆರಗಿನಿಂದ ಬಾಯಿ ಒತ್ತಿ ಹಿಡಿದುಕೊಂಡು ಗೋಡೆ ಗಡಿಯಾರ ನೋಡಿದಳು, ನೋಟ್‌ಬುಕ್ಕು ತೆಗೆದು ಸದ್ದಾಗದಂತೆ ಬರೆದಳು. ಜಾಹೀರಾತಿನ ಆಚೆಗೆ ಬಿದ್ದ ಮೊದಲ ಮಾತು ಅದು. ಅವನು ಕುರ್ಚಿಯನ್ನು ಪಕ್ಕಕ್ಕೆ ಸರಿಸಿ, ಕಣ್ಣು ಒರೆಸಿಕೊಳ್ಳಲೂ ಹೋಗದೆ, ಬಾಯಿ ಮುಚ್ಚಿಕೊಂಡು ಅಕ್ಕನ ಪಕ್ಕದಲ್ಲಿ ಕೂತ. ಮುಂದಿನ ಜಾಹೀರಾತಿಗೆ ಇನ್ನೂ ಒಂಬತ್ತು ನಿಮಿಷವಿತ್ತು.