ರೇಸಿಗೆ ಮೊದಲೇ ಪ್ರಿಂಟಾದ ಫ್ಲೆಕ್ಸ್

ಉಂಡ ಮನೆಗೆ ದ್ರೋಹ ಬಗೆದವನು ಎಂದು ಕಡೂರಿನಲ್ಲಿ ಈಗಲೂ ನನ್ನನ್ನು ಆಡಿಕೊಳ್ಳುವವರಿದ್ದಾರೆ. ಆಡಿಕೊಳ್ಳಲಿ, ಅವರ ಬಾಯಿ ಅವರದು. ಅಜ್ಜಂಪುರದಲ್ಲಿ ಮಣ್ಣಿನ ಟ್ರ್ಯಾಕಿನ ಮೇಲೆ ನಡೆದ ಬೈಕ್ ರೇಸಿನಲ್ಲಿ ಅವತ್ತು ಮಾಡಿದ್ದನ್ನು ಅವಕಾಶ ಸಿಕ್ಕರೆ ನಾಳೆಯೂ ಮಾಡುತ್ತೇನೆ.

ಆಗ ನಾನು ಕಡೂರಿನ ಒಂದು ಬೈಕ್ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಮಾಲೀಕರನ್ನು ಎಲ್ಲರಂತೆ ನಾನೂ ಅಣ್ಣ ಎನ್ನುತ್ತಿದ್ದೆ. ಸ್ಪ್ಯಾನರ್ ಹಿಡಿಯುವುದನ್ನು ಕಲಿಸಿದ್ದೇ ಅವರು. ರೇಸಿನ ಹುಚ್ಚೂ ಅವರಿಂದಲೇ ಅಂಟಿದ್ದು. ಅವರ ಬಳಿ ಎರಡು ರೇಸ್ ಬೈಕುಗಳಿದ್ದವು. ಒಂದನ್ನು ನಾನು ಓಡಿಸುತ್ತಿದ್ದೆ, ಇನ್ನೊಂದನ್ನು ಅವರ ಬಾಮೈದ. ಎರಡರ ಎಂಜಿನ್ನೂ ಬಿಚ್ಚಿ ಕಟ್ಟುತ್ತಿದ್ದವನು ನಾನು. ಅವನ ಬೈಕಿಗೆ ಕೆಲಸ ಕಮ್ಮಿ ಮಾಡಿದೆ ಎಂದು ಯಾರೂ ಬೆರಳು ತೋರಿಸುವಂತಿಲ್ಲ.

ಅಜ್ಜಂಪುರದ ರೇಸಿಗೆ ಹಿಂದಿನ ವರ್ಷ ತರೀಕೆರೆಯಲ್ಲಿ ಮೊದಲ ಸುತ್ತಿನಿಂದಲೂ ನಾನೇ ಮುಂದಿದ್ದೆ. ಕೊನೆಯ ತಿರುವಿನಲ್ಲಿ ಅಣ್ಣ ಟ್ರ್ಯಾಕಿನ ಅಂಚಿಗೆ ಕಟ್ಟಿದ ಹಗ್ಗದ ಪಕ್ಕ ನಿಂತು ಕೆಂಪು ಟವಲ್ ಬೀಸಿದರು. ಬಾಮೈದನಿಗೆ ದಾರಿ ಬಿಡು ಎಂದರ್ಥ. ಬಿಟ್ಟೆ. ನಾನು ಆಕ್ಸಿಲೇಟರ್ ಇಳಿಸಿ ಪಕ್ಕಕ್ಕೆ ಸರಿದದ್ದು ಎಲ್ಲರಿಗೂ ಕಂಡಿತು. ಜನ ಕಡಲೆಕಾಯಿ ಸಿಪ್ಪೆ ಎಸೆದು "ಥೂ, ಮೋಸ ಕಣ್ರೋ!" ಎಂದು ಕೂಗಿದರು. ಅಮೃತಾಪುರದಿಂದ ಬಸ್ಸು ಹತ್ತಿ ನೋಡಲು ಬಂದಿದ್ದ ನಮ್ಮವ್ವ ಕೂಗಲಿಲ್ಲ, ಹತ್ತಿರ ಬಂದು ಕೇಳಿದಳು.

"ಗಾಡಿ ಕೆಟ್ಟೋಯ್ತೇನಪ್ಪಾ?"

ಹೂಂ ಎಂದೆ. ನನ್ನ ಕೈಯಾರೆ ಕಟ್ಟಿದ ಎಂಜಿನ್ ಕೆಟ್ಟಿತೆಂದು ನನ್ನ ಬಾಯಲ್ಲೇ ಒಪ್ಪಿಕೊಂಡೆ. ದಾರಿ ಬಿಟ್ಟಿದ್ದಕ್ಕಿಂತ ಆ ಸುಳ್ಳಿಗೆ ನನಗೆ ಹೆಚ್ಚು ನಾಚಿಕೆಯಾಯಿತು. ಇನ್ನೊಮ್ಮೆ ಹಾಗೆ ಹೇಳುವ ಪ್ರಸಂಗ ಬಂದರೆ ಕೆಲಸ ಬೇಕಾದರೂ ಬಿಡುತ್ತೇನೆ ಎಂದು ಅವತ್ತೇ ಅಂದುಕೊಂಡಿದ್ದೆ.

ಇದೇನು ನಮ್ಮ ಸೀಮೆಯಲ್ಲೇ ಹುಟ್ಟಿದ ಚಾಳಿಯಲ್ಲ. ವಿದೇಶದ ದೊಡ್ಡ ಕಾರ್ ರೇಸುಗಳನ್ನು ನಾನು ಮೊಬೈಲಿನಲ್ಲಿ ನೋಡುತ್ತೇನೆ. ಅಲ್ಲಿ ಟವಲಿನ ಬದಲು ರೇಡಿಯೊ, ಅಷ್ಟೇ. ಮುಂದಿದ್ದವನಿಗೆ ನಿಧಾನಿಸು ಎಂದು ಹೇಳಿ ಹಿಂದಿದ್ದವನನ್ನು ಗೆಲ್ಲಿಸುತ್ತಾರೆ, ಜನ ಉಗಿಯುತ್ತಾರೆ. ಹಿಂದೊಮ್ಮೆ ಒಂದೇ ಕಂಪನಿಯ ಕಾರುಗಳು ಫೋಟೊ ಚೆನ್ನಾಗಿ ಬರಲೆಂದು ಜೊತೆಯಾಗಿ ಗೆರೆ ದಾಟಲು ಹೋದವಂತೆ. ರೇಸ್ ಶುರುವಾಗುವಾಗ ಹಿಂದಿನ ಸಾಲಿನಿಂದ ಹೊರಟವನು ಅಷ್ಟು ದೂರ ಹೆಚ್ಚು ಓಡಿದ್ದಾನೆಂದು ಗೆಲುವನ್ನು ಅವನಿಗೆ ಕೊಟ್ಟರಂತೆ. ಈ ಕಥೆಯನ್ನು ಅಣ್ಣನಿಗೆ ಟೀ ಕುಡಿಯುತ್ತಾ ಹೇಳಿದವನು ನಾನೇ. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡೆ ಎಂದು ಆಗ ತಿಳಿಯಲಿಲ್ಲ.

ಅಜ್ಜಂಪುರದಲ್ಲಿ ರಾಗಿ ಕೊಯ್ದ ಹೊಲದಲ್ಲಿ ಟ್ರ್ಯಾಕ್ ಮಾಡಿದ್ದರು. ಧೂಳು ಅಡಗಲೆಂದು ಟ್ಯಾಂಕರಿನಲ್ಲಿ ನೀರು ಹೊಡೆಯುತ್ತಿದ್ದರು. ಯಾರು ಯಾವ ಸಾಲಿನಿಂದ ಹೊರಡಬೇಕೆಂದು ಚೀಟಿ ಎತ್ತಿದಾಗ ನನಗೆ ಮುಂದಿನ ಸಾಲು ಬಂತು, ಬಾಮೈದನಿಗೆ ಹಿಂದಿನ ಸಾಲು. ಅಣ್ಣ ನನ್ನ ಹೆಗಲ ಮೇಲೆ ಕೈ ಹಾಕಿದರು.

"ಈ ಸಲ ದಾರಿ ಬಿಡೋದು ಬ್ಯಾಡ ಕಣೋ. ನಾನು ಟವಲ್ ಬೀಸಿದ್ರೆ ಅವನು ಬರೋಗಂಟ ತಡಿ, ಇಬ್ರೂ ಜೋಡೀಲಿ ಗೆರೆ ದಾಟಿ. ಇಬ್ರೂ ಗೆದ್ದಂಗೆ."

ನ್ಯಾಯವೆನಿಸಿತು. ಖುಷಿಯಿಂದಲೇ ಒಪ್ಪಿದೆ. ಆಮೇಲೆ ಚೈನ್ ಬಿಗಿ ಮಾಡಲು ಸ್ಪ್ಯಾನರ್ ಬೇಕಾಗಿ ಅವರ ಪಿಕಪ್ ಗಾಡಿಯ ಸೀಟಿನ ಹಿಂದೆ ಕೈ ಹಾಕಿದರೆ ಸುತ್ತಿಟ್ಟ ಫ್ಲೆಕ್ಸ್ ಸಿಕ್ಕಿತು. ಬಿಚ್ಚಿದೆ. ಬಾಮೈದನ ಮುಖ ಮೊರದಗಲ, ಕೆಳಗೆ 'ಪ್ರಥಮ ಸ್ಥಾನ'. ಮೂಲೆಯಲ್ಲಿ ಕೈ ಮುಗಿದುಕೊಂಡು ನಾನು, 'ದ್ವಿತೀಯ ಸ್ಥಾನ'. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದು ನಮ್ಮವರಿಗೆ ಹೊಸದಲ್ಲ, ಹುಟ್ಟುಹಬ್ಬದಿಂದ ಎಲೆಕ್ಷನ್‌ವರೆಗೆ ಎಲ್ಲಕ್ಕೂ ಫ್ಲೆಕ್ಸ್ ಮೊದಲೇ ತಯಾರು. ಆದರೆ ಜೋಡಿಯಾಗಿ ಬಂದರೆ ನಾನು ಎರಡನೆಯವನಾಗುವುದು ಹೇಗೆ?

ಉತ್ತರ ಮೈಕಿನಲ್ಲಿ ಬಂತು. ಇಬ್ಬರು ಸಮ ಬಂದರೆ ಹಿಂದಿನ ಸಾಲಿನಿಂದ ಹೊರಟವನಿಗೆ ಗೆಲುವು ಎಂದು ಸಂಘಟಕರು ನಿಯಮ ಓದಿದರು. ಎಲ್ಲರೂ ಚಿತ್ರಾನ್ನದ ತಟ್ಟೆ ಹಿಡಿದಿದ್ದರು, ನನ್ನ ಹೊರತು ಯಾರ ಕಿವಿಗೂ ಬೀಳಲಿಲ್ಲ. ನಾನು ಹೇಳಿದ ಕಥೆಯನ್ನೇ ಅಣ್ಣ ಚೀಟಿ ಎತ್ತಿದ ಮೇಲೆ ಸಂಘಟಕರಿಗೆ ಹೇಳಿ ನಿಯಮ ಮಾಡಿಸಿದ್ದಾರೆಂದು ಹೊಳೆದು ನನಗೆ ಮೈಯೆಲ್ಲ ಉರಿದುಹೋಯಿತು. ನೇರವಾಗಿ ದಾರಿ ಬಿಡು ಅಂದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಫ್ಲೆಕ್ಸನ್ನು ಇದ್ದಂತೆಯೇ ಸುತ್ತಿಟ್ಟು ಹೆಲ್ಮೆಟ್ ಹಾಕಿಕೊಂಡೆ.

ಕೊನೆಯ ಸುತ್ತಿನಲ್ಲಿ ನಾನು ಮುಂದೆ, ಬಾಮೈದ ಎರಡನೆಯವನು. ಅವನೇನು ಕಳಪೆಯಲ್ಲ, ತಿರುವಿನಲ್ಲಿ ನನಗಿಂತ ಚೆನ್ನಾಗಿ ಬಗ್ಗುತ್ತಾನೆ. ಟವಲ್ ಮೇಲೆದ್ದಿತು. ನಾನು ವೇಗ ಇಳಿಸಲಿಲ್ಲ. ಅಣ್ಣ ಹಗ್ಗದೊಳಗೆ ಒಂದು ಕಾಲಿಟ್ಟು ಮತ್ತೆ ಬೀಸಿದರು. ನಾನು ಆಕ್ಸಿಲೇಟರ್ ಪೂರ್ತಿ ತಿರುಗಿಸಿದೆ. ಒಂದು ಚಕ್ರದಷ್ಟು ಅಂತರದಲ್ಲಿ ಗೆದ್ದರೆ ತಕರಾರು ತೆಗೆಯುತ್ತಾರೆಂದು ಅರ್ಧ ಹೊಲದಷ್ಟು ಅವನನ್ನು ಹಿಂದೆ ಬಿಟ್ಟು ಗೆರೆ ದಾಟಿದೆ.

ಅಣ್ಣ ಓಡಿ ಬಂದರು. ಬೈಯುತ್ತಾರೆಂದುಕೊಂಡಿದ್ದೆ, ಬೈಯಲಿಲ್ಲ. ಅವರ ಮುಖ ನೋಡಿ ನನಗೆ ಸಂಕಟವಾಯಿತು.

"ಲೇ, ನಮ್ಮ ಮಾವ ಬತ್ತಾವ್ರೆ. ಮಗ ಗೆಲ್ತಾನೆ ಅಂತ ಹೇಳಿ ದೇವನೂರಿಂದ ಕರ್ಕಂಬಂದಿದೀನಿ. ಧೂಳಲ್ಲಿ ಟವಲ್ ಕಾಣ್ಲಿಲ್ಲ ಅಂದ್ಬಿಡು. ಅಷ್ಟು ಸಾಕು. ಸೋಮವಾರ ಎಂದಿನಂಗೆ ಕೆಲ್ಸಕ್ಕೆ ಬಾ."

ಮಾವ ನಿಧಾನವಾಗಿ ಹೊಲ ದಾಟಿ ಬಂದರು. ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

"ಏನಪ್ಪಾ, ನಮ್ಮಳಿಯ ಅಷ್ಟು ಬೀಸಿದ್ರೂ ನಿಂಗೆ ಕಾಣ್ಲಿಲ್ವಾ?"

"ಕಾಣಿಸ್ತು ಯಜಮಾನ್ರೇ," ಎಂದೆ. "ಎರಡು ಸಲ ಬೀಸಿದ್ರು. ಎರಡು ಸಲಾನೂ ಕಾಣಿಸ್ತು."

ಅಣ್ಣ ತಲೆ ತಗ್ಗಿಸಿದರು. ಗ್ಯಾರೇಜಿನ ಬೀಗದ ಕೈ ನನ್ನ ಜೇಬಿನಲ್ಲಿತ್ತು. ಅವರು ಕೇಳುವ ಮೊದಲೇ ತೆಗೆದು ಅವರ ಕೈಗೆ ಕೊಟ್ಟೆ.