ಸುಳ್ಳು ಪತ್ತೆಯವರು

ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ಸತ್ಯಕ್ಕೊಬ್ಬರು ಅಧಿಕೃತ ಪ್ರತಿನಿಧಿ ಇದ್ದರು: ಪೊಲೀಸ್ ಇಲಾಖೆಯಲ್ಲಿ ಸುಳ್ಳು ಪತ್ತೆ ಯಂತ್ರ ನಡೆಸಿ ನಿವೃತ್ತರಾದ ಪಕ್ಕದ ಮನೆಯವರು. ಮಾತಾಡುವಾಗ ನಾಡಿ ಎಣಿಸುವವರಂತೆ ಎದುರಿನವರ ಮಣಿಕಟ್ಟನ್ನೇ ನೋಡುತ್ತಿದ್ದರು. "ಯಂತ್ರಕ್ಕೆ ದಾಕ್ಷಿಣ್ಯ ಇಲ್ಲ ಸ್ವಾಮಿ" ಎನ್ನುತ್ತಿದ್ದರು.

ಶಿಷ್ಯೆಯೊಬ್ಬಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿ ಜೈಲು ಸೇರಿದ್ದ ಟ್ಯೂಷನ್ ಮೇಷ್ಟ್ರು ಬಿಡುಗಡೆಯಾಗಿ ಬಂದು ಮತ್ತೆ ಪಾಠಕ್ಕೆ ಹೊರಟರು. ಬೀದಿಯ ಹಿರಿಯರು ಗಂಭೀರವಾಗಿ ಸಭೆ ಸೇರಿ, ಯಂತ್ರ ಒಪ್ಪಿದರೆ ತಾವೂ ಒಪ್ಪುವುದಾಗಿ ತೀರ್ಮಾನಿಸಿದರು. ಪಕ್ಕದ ಮನೆಯವರು ಯಂತ್ರ ತರಿಸಿ ಮೇಷ್ಟ್ರನ್ನು ಪರೀಕ್ಷಿಸಿ, ಸಭೆಗೆ ಫಲಿತಾಂಶ ಹೇಳಿದರು.

"ಈಗ ಅಂಥ ಯೋಚನೆ ಇಲ್ಲ. ಪಾಸು."

ಆ ಹುಡುಗಿಯ ತಾಯಿ ಎದ್ದು ನಿಂತರು. "ಹಾಗಾದ್ರೆ ನಿಮ್ಮ ಮೊಮ್ಮಗಳನ್ನೂ ಕಳಿಸಿ ಸಾರ್."

"ಅವಳಿಗೆ ಸಂಜೆ ವೀಣೆ ಕ್ಲಾಸ್ ಇದೆಯಮ್ಮ."

"ಬೆಳಗ್ಗೆ ಕಳಿಸಿ."

"ಬೆಳಗ್ಗೆ ಅವಳು ಏಳಲ್ಲ."

ಆ ಮನೆಯಲ್ಲಿ ವೀಣೆಯೇ ಇಲ್ಲವೆಂದು ಸಭೆಗೆಲ್ಲ ಗೊತ್ತಿತ್ತು.

ಸೋಮವಾರ ಪಾಠ ಶುರುವಾಯಿತು. ಆ ಹುಡುಗಿಯನ್ನೂ ಪಕ್ಕದ ಮನೆಯವರ ಮೊಮ್ಮಗಳನ್ನೂ ಬಿಟ್ಟು ಬೀದಿಯ ಮಕ್ಕಳೆಲ್ಲ ಹೋದರು.