ಎಮ್ಮೆ ಬರುವ ತನಕ

ಎಣ್ಣೆಗಾಯಿ ಬಡಿಸಿ ನನ್ನಾಕೆ "ಹೆಂಗಾಗೈತ್ರೀ?" ಎಂದರೆ ನಾನು ತಲೆಯೆತ್ತದೆ "ಚಲೋ ಆಗೈತಿ" ಎನ್ನುತ್ತಿದ್ದೆ. ಎಣ್ಣೆಗಾಯಿಗೂ ಅದೇ ಮಾತು, ಉಪ್ಪು ಮರೆತ ಸಾರಿಗೂ ಅದೇ. "ನಿಮ್ಮ ಚಲೋ ಕಟ್ಕೊಂಡು ನಾ ಏನ್ ಮಾಡ್ಲಿ? ಉಪ್ಪು ಹೆಚ್ಚೋ ಕಮ್ಮಿಯೋ ಹೇಳ್ರಿ" ಎಂದು ಆಕೆ ಸೌಟು ಕುಟ್ಟುತ್ತಿದ್ದಳು.

ಈ 'ಚಲೋ' ನನ್ನ ಜೊತೆ ಆಸ್ಪತ್ರೆಗೂ ಬರುತ್ತಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ, ಹರಪನಹಳ್ಳಿ ಸೀಮೆಯ ನಮ್ಮ ಸಣ್ಣ ಆಸ್ಪತ್ರೆಗೆ ಎಳೆಯ ಡಾಕ್ಟರುಗಳು ಕೆಲಸ ಕಲಿಯಲು ಬರುತ್ತಿದ್ದರು. ಹಿರಿಯ ಡಾಕ್ಟರೆಂದು ನಾನು ಅವರ ಬಗ್ಗೆ ಅಭಿಪ್ರಾಯ ಬರೆದುಕೊಡಬೇಕು. ಎಲ್ಲರಿಗೂ 'ಉತ್ತಮ'. ಮದುವೆಮನೆಯ ತಾಂಬೂಲದ ಹಾಗೆ. ಯಾರಿಗೂ ಬೇಜಾರಿಲ್ಲ, ಯಾರ ಹೊಟ್ಟೆಯೂ ತುಂಬುವುದಿಲ್ಲ.

ಹಾಸನದ ಕಡೆಯ ಶೈಲಜಾ ಮಾತ್ರ, ಹೊರಡಲು ಇನ್ನೂ ಒಂದು ವಾರ ಇರುವಾಗ, ಆ ಹಾಳೆ ಹಿಡಿದು ವಾಪಸು ಬಂದಳು. "ನಾನು ಉತ್ತಮ ಆಗಿದ್ರೆ ಜನ ನನ್ನ ಸಾಲು ಬಿಟ್ಟು ನಿಮ್ಮ ಸಾಲಿಗೆ ಯಾಕೆ ಹೋಗ್ತಾರೆ ಸರ್? ಈ ಕೆಲಸಾನೇ ಬಿಟ್ಟುಬಿಡೋಣ ಅನ್ನಿಸ್ತಿದೆ." ಕಣ್ಣು ತುಂಬಿತ್ತು.

ಮರುದಿನ ಅವಳ ಪಕ್ಕದಲ್ಲಿ ಕೂತು ನೋಡಿದೆ. ಓದಿನಲ್ಲಿ ಚುರುಕು, ಕೈ ಮೃದು. ಆದರೆ ನಮ್ಮ ಕಡೆಯ ಕಾಯಿಲೆ ನೇರವಾಗಿ ಬರುವುದಿಲ್ಲ. ಹಲವಾಗಲು ಊರಿನ ಅಜ್ಜಿ ಮೊದಲು ಬಸ್ಸಿನಲ್ಲಿ ಸೀಟು ಸಿಗದ್ದನ್ನು ಹೇಳುತ್ತಾಳೆ, ಆಮೇಲೆ ಸೊಸೆಯ ವಿಷಯ, ಆಮೇಲೆ ಎಮ್ಮೆಯದು. ಎದೆನೋವು ಆ ಎಮ್ಮೆಯ ಹಿಂದೆ ನಿಧಾನಕ್ಕೆ ನಡೆದು ಬರುತ್ತದೆ. ಶೈಲಜಾ ಬಸ್ಸಿನ ಹೊತ್ತಿಗೇ ಔಷಧಿ ಬರೆಯಲು ಶುರುಮಾಡುತ್ತಿದ್ದಳು. ಪೆನ್ನು ಓಡಿದ್ದು ಕಂಡು ಅಜ್ಜಿ ಬಾಯಿ ಮುಚ್ಚುತ್ತಿದ್ದಳು. ಹಿಂದಿನ ಕಾಲದ ವೈದ್ಯರು ನೋಡು, ಮುಟ್ಟು, ಕೇಳು ಎಂದಷ್ಟೇ ಹೇಳಿದ್ದಾರಂತೆ. ಬರೆ ಅಂದಿಲ್ಲ.

ಅಂದೇ ಹೊಸ ಹಾಳೆಯಲ್ಲಿ ಬರೆದುಕೊಟ್ಟೆ: "ಎಮ್ಮೆ ಬರುವ ತನಕ ಪೆನ್ನು ಕೆಳಗಿಡು. ಬಂದ ಮೇಲೂ 'ಮತ್ತೇನವ್ವ?' ಎಂದು ಒಮ್ಮೆ ಕೇಳು."

ಆದರೆ ಬರೆದದ್ದು ನನ್ನ ಕೈಯಲ್ಲವೇ? ಆ ಒಂದು 'ಉತ್ತಮ' ಹೇಗೋ ಓದಿದ್ದ ಪಾಪದ ಹುಡುಗಿಗೆ ಇದರಲ್ಲಿ ಒಂದಕ್ಷರವೂ ತಿಳಿಯಲಿಲ್ಲ, ನನ್ನನ್ನು ಕೇಳಲು ಸಂಕೋಚ. ನನ್ನ ಬರಹ ಓದಬಲ್ಲವರು ಊರಿಗೆಲ್ಲ ಒಬ್ಬರೇ, ಎದುರಿನ ಔಷಧಿ ಅಂಗಡಿಯ ಖಾದರ್ ಸಾಬರು. ಅಲ್ಲಿಗೇ ಒಯ್ದಳು. ಸಾಬರು ಕನ್ನಡಕ ಏರಿಸಿ, ಗಿರಾಕಿಗಳೆಲ್ಲರ ಮುಂದೆ ಗಟ್ಟಿಯಾಗಿ ಓದಿ, "ಇದು ಗುಳಿಗಿ ಅಲ್ಲ ಬೇಟಿ, ಬುದ್ಧಿಮಾತು. ನನ್ನ ಅಂಗಡ್ಯಾಗ ಸಿಗಂಗಿಲ್ಲ" ಎಂದು ಹಾಳೆ ವಾಪಸು ಕೊಟ್ಟರಂತೆ.

ಮರುದಿನ ಚಿಗಟೇರಿಯ ಗಂಗಮ್ಮಜ್ಜಿ ನನ್ನ ಸಾಲು ದಾಟಿ ನೆಟ್ಟಗೆ ಶೈಲಜಾಳ ಮುಂದೆ ಹೋಗಿ ಕೂತಳು. "ಯವ್ವಾ, ಮದ್ಲು ಪೆನ್ನು ಕೆಳಗಿಡು. ನಮ್ಮ ಎಮ್ಮಿ ಇನ್ನೂ ದೂರ ಐತಿ!" ಸಾಲೆಲ್ಲ ನಕ್ಕಿತು. ಶೈಲಜಾ ಕೆಂಪಾದಳು, ಆಮೇಲೆ ತಾನೂ ನಕ್ಕು ಪೆನ್ನು ಕೆಳಗಿಟ್ಟಳು. ವಾರ ಮುಗಿಯುವಷ್ಟರಲ್ಲಿ ಅವಳ ಸಾಲು ಹೊರಗಿನ ಬೇವಿನ ಮರ ಮುಟ್ಟಿತ್ತು. ಹೊರಡುವಾಗ, "ಕೆಲಸ ಬಿಡಲ್ಲ ಸರ್. ಎಲ್ಲಿ ಹೋದ್ರೂ ಎಮ್ಮೆಗೆ ಕಾಯ್ತೀನಿ" ಎಂದಳು.

ಅಂದು ಮನೆಯಲ್ಲಿ ಮತ್ತೆ ಎಣ್ಣೆಗಾಯಿ. "ಹೆಂಗಾಗೈತ್ರೀ?" ಹೊಸ ಧೈರ್ಯದಲ್ಲಿ ಬಾಯಿಬಿಟ್ಟೆ: "ಹುಣಸಿಹಣ್ಣು ತುಸು ಹೆಚ್ಚಾತು. ಶೇಂಗಾ ಇನ್ನಷ್ಟು ಹುರೀಬೇಕಿತ್ತು."

ಸೌಟು ಮೇಲೆದ್ದಿತು. ನಾನು ಬೆನ್ನು ಗಟ್ಟಿಮಾಡಿಕೊಂಡೆ. ಆಕೆ ಮಾತ್ರ ಇನ್ನೊಂದು ಬದನೆಕಾಯಿ ತಟ್ಟೆಗೆ ಹಾಕಿ, "ಇಷ್ಟು ವರ್ಷ ಬರೇ ಹೊಟ್ಟಿ ತುಂಬಿಸ್ಕೊಂಡ್ರಿ. ಇವತ್ತು ನೋಡ್ರಿ, ನನ್ನ ಅಡಗಿ ಉಂಡಿದ್ದು" ಎಂದಳು.